ಅರ್ಧ ಗಾಡಿ ಅತ್ತ, ಅರ್ಧ ಗಾಡಿ ಇತ್ತ

“ಟೂರ್ ಕಂಪನಿಯವ್ರ ಬಾಲ ಹಿಡಕೊಂಡು ಹೋಗಾಂವ ಈ ಸಿದ್ದಲಿಂಗೇಶ ಅಲ್ಲ!” ಎಂದು ಸಿದ್ದಲಿಂಗೇಶ ರಾಣೇಬೆನ್ನೂರಿನ ಬೀಜದ ಕಂಪನಿಯ ಪ್ರಯೋಗಾಲಯದಲ್ಲಿ, ಟ್ರೇ ತುಂಬ ಮೊಳಕೆಯೊಡೆದು ನಿಂತ ಬದನೆ ಬೀಜಗಳ ಸಾಕ್ಷಿಯಾಗಿ ಗರ್ಜಿಸಿದ. ಎಳೆ ಮೊಳಕೆಗಳು ತಲೆ ಬಾಗಿಸಿದವು. ಬಾಗಿಸದೆ ಉಳಿದವನು ಪಕ್ಕದ ಮೇಜಿನ ಮಹಮ್ಮದ್ ಹನೀಫ್ ಒಬ್ಬನೇ.

“ಸಿದ್ದಣ್ಣಾ, ಅದು ಸ್ವಿಟ್ಜರ್ಲೆಂಡ್ ಐತಿ, ಸವಣೂರ ಅಲ್ಲ. ಟೂರಿನವ್ರ ಕೂಡ ಹೋಗು. ಎಣಿಸಿ ಕರಕೊಂಡು ಹೋಗ್ತಾರ, ಎಣಿಸಿ ಹೊಳ್ಳಿ ತಂದು ಬಿಡ್ತಾರ.”

“ಎಣಿಸಾಕ ನಾವೇನು ಕುರಿ ಏನೋ ಹನೀಫ? ಎಂಟು ವರ್ಷ ಹಾವೇರಿ–ರಾಣೇಬೆನ್ನೂರ ಅಪ್ ಆ್ಯಂಡ್ ಡೌನ್ ಮಾಡೇನಿ! ಬಸ್ ನಿಲ್ಲೂಕಿಂತ ಮೊದಲ ಹತ್ತಿದಾಂವ ನಾನು, ನಿಂತ ಗಾಡಿ ಹತ್ತಾಕ ಬರೂದಿಲ್ಲನು?”

ಎಷ್ಟು ಬೀಜ ಮೊಳೆತವು, ಎಷ್ಟು ಮೊಳೆಯಲಿಲ್ಲ ಎಂದು ನೋಡುವುದು ಸಿದ್ದಲಿಂಗೇಶನ ನೌಕರಿ. ನೋಡುತ್ತ ನೋಡುತ್ತ ಎಲ್ಲಿಗೋ ತೇಲಿಹೋಗುವುದು ಅವನ ಸ್ವಭಾವ. ಎರಡು ವರ್ಷ ಗಂಡ ಹೆಂಡತಿ ಕೂಡಿ ಕಟ್ಟಿದ ಚೀಟಿ ಕೈಗೆ ಬಂದಾಗ ಹೊಸ ಫ್ರಿಜ್ಜು ತರೋಣವೆಂಬ ಸದ್ಬುದ್ಧಿ ಮನೆಯ ಹೊಸ್ತಿಲ ತನಕ ಬಂದಿತ್ತು. ಇವನೇ ಅದನ್ನು ಒಳಗೆ ಬಿಡಲಿಲ್ಲ.

ಇಲ್ಲಿ ಇವರ ದಾಂಪತ್ಯದ ಒಂದು ವಿಶೇಷವನ್ನು ಹೇಳಲೇಬೇಕು. ಹೆಂಡತಿ ಭುವನಾ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನ ಆಫೀಸು ನೋಡಿಕೊಳ್ಳುವವಳು. ಬೆಳಗಾದರೆ ಇಬ್ಬರೂ ಹಾವೇರಿಯಲ್ಲಿ ಒಂದೇ ಬಸ್ಸು ಹತ್ತುತ್ತಾರೆ. ಬ್ಯಾಡಗಿಯಲ್ಲಿ ಅವಳು ಇಳಿದರೆ ಇವನು ರಾಣೇಬೆನ್ನೂರಿಗೆ ಮುಂದುವರಿಯುತ್ತಾನೆ. ಆದರೆ ಒಂದೇ ಬಸ್ಸು ಅಂದ ಮಾತ್ರಕ್ಕೆ ಒಂದೇ ಸೀಟೆ? ಹೆಣ್ಣುಮಕ್ಕಳು ಮುಂದೆ, ಗಂಡಸರು ಹಿಂದೆ! ನಡುವೆ ಗೊಬ್ಬರದ ಚೀಲ, ಹಾಲಿನ ಕ್ಯಾನು, ಕಾಲೇಜು ಹುಡುಗರು ಮತ್ತು ಕಂಡಕ್ಟರ್. ಬೈಕು ಹತ್ತಿದರೆ ಇವನು ಮುಂದೆ, ಅವಳು ಹಿಂದೆ. ಮದುವೆಯಾಗಿ ಆರು ವರ್ಷಗಳಲ್ಲಿ ಇಬ್ಬರೂ ಪಕ್ಕಪಕ್ಕ ಇದ್ದದ್ದು ಮದುವೆಯ ಫೋಟೋದಲ್ಲಿ ಮಾತ್ರ, ಅದೂ ನಿಂತುಕೊಂಡು!

ಅದಕ್ಕೇ ಟಿಕೆಟ್ ಆದ ರಾತ್ರಿ ಭುವನಾ ಹೇಳಿದಳು: “ರೀ, ನನಗ ಬರ್ಫ ಬ್ಯಾಡ, ಚಾಕಲೇಟ ಬ್ಯಾಡ. ಬರ್ಫದ ಚಳಿ ನಮ್ಮ ಕೋಲ್ಡ್ ಸ್ಟೋರೇಜಿನ್ಯಾಗ ದಿನಾ ಕಾಣ್ತೇನಿ, ಮ್ಯಾಲೆ ಮೆಣಸಿನಕಾಯಿ ವಾಸನಿ ಬ್ಯಾರೆ. ನನಗ ಇರೂದು ಒಂದ ಆಸೆ. ರೈಲಿನ್ಯಾಗ ನಾ ಕಿಟಕಿ ಕಡೆ, ನೀವು ನನ್ನ ಬಾಜೂಕ. ಒಂದ ಸೀಟಿನ್ಯಾಗ ಜೋಡೀಲೆ ಕುಂತು, ಗುಡ್ಡ ನೋಡಿಕೋತ ಹೋಗೂದು. ಅಷ್ಟ.”

“ಅಷ್ಟನಾ?” ಸಿದ್ದಲಿಂಗೇಶ ರಾಜಗಾಂಭೀರ್ಯದಿಂದ ನಕ್ಕ. “ಹೋಗೂತನಾ ಬರೂತನಾ ಬಾಜೂಕ ಕುಂದರ್ತೇನಿ! ಅಂದಂಗ ಅಲ್ಲಿಯ ಸಿಮ್ ನನ್ನ ಫೋನಿಗಿ ಒಂದ ಸಾಕು. ಟಿಕೆಟ್ ಪಾಸೂ ನನ್ನ ಫೋನಿನ್ಯಾಗ ಇರಲಿ. ನಾ ನಿನ್ನ ಬಾಜೂಕ ಇರೂ ಮುಂದ, ನಿನಗ ಸಿಮ್ ಯಾಕ?”

ಭುವನಾ ಅವನ ಮುಖವನ್ನೇ ನೋಡಿದಳು. “ಮಾತಂತೂ ಚಲೋ ಐತಿ” ಅಂದಳು.

ಹೋದರು. ವಿಮಾನದಲ್ಲಿ ಅಗ್ಗದ ಟಿಕೆಟಿನ ಪುಣ್ಯದಿಂದ ಅವಳಿಗೆ ರೆಕ್ಕೆಯ ಹತ್ತಿರ, ಇವನಿಗೆ ಸಂಡಾಸದ ಹತ್ತಿರ ಸೀಟು. ಜ್ಯೂರಿಕ್‌ನಿಂದ ಇಂಟರ್ಲಾಕೆನ್‌ಗೆ ರೈಲು. ಅವಳು ಕಿಟಕಿಗೆ ಕೂತು ಪಕ್ಕದ ಸೀಟು ತಟ್ಟಿ ತಟ್ಟಿ ಕರೆದರೂ ಇವನು ಬಾಗಿಲ ಬಳಿ ಬ್ಯಾಗುಗಳ ಮೇಲೆ ಕೈಯಿಟ್ಟು ಕಾವಲು ನಿಂತ.

“ಇಲ್ಲಿ ಯಾರೂ ಒಯ್ಯಂಗಿಲ್ಲ ಬರ್ರೀ!”

“ನಮ್ಮ ಚಕ್ಕಲಿ ರುಚಿ ಅವ್ರಿಗಿ ಇನ್ನೂ ಗೊತ್ತಿಲ್ಲ, ಅದಕ್ಕ ಒಯ್ದಿಲ್ಲ!”

ಮರುದಿನ ಊರೊಳಗಿನ ಬಸ್ಸಿನಲ್ಲಿ ಅರ್ಧ ಬಸ್ಸು ಖಾಲಿ ಇದ್ದರೂ ಇವನ ಕೈ ತಾನಾಗಿಯೇ ಮೇಲಿನ ಸರಳು ಹಿಡಿಯಿತು. ಕಾಲು ತಾನಾಗಿಯೇ ಬಾಗಿಲಲ್ಲಿ ನಿಂತಿತು. ಸರೋವರದ ದೋಣಿಯಲ್ಲಿ ಅವಳು ಕೂತಳು, ಇವನು ಅವಳ ಫೋಟೋ ತೆಗೆಯುತ್ತ ಹಿಂದಕ್ಕೆ ಹಿಂದಕ್ಕೆ ಸರಿದು ದೋಣಿಯ ಇನ್ನೊಂದು ತುದಿ ಸೇರಿದ. ಹೀಗೆ ದಿನಗಳು ಬೆಣ್ಣೆಯಂತೆ ಕರಗಿ ಕೊನೆಯ ದಿನ ಬಂದೇಬಿಟ್ಟಿತು.

ಅಂದು ಬೆಳಿಗ್ಗೆ ಗ್ರಿಂಡೆಲ್ವಾಲ್ಡ್ ಎಂಬ ಗುಡ್ಡದೂರಿಗೆ ಹೋಗಿ ಬಂದು, ಸಂಜೆ ಜ್ಯೂರಿಕ್ ಗಾಡಿ ಹಿಡಿಯುವುದು. ಭುವನಾ ಬ್ಯಾಡಗಿ ಮೆಣಸಿನಕಾಯಿಯ ಬಣ್ಣದ ಸ್ವೆಟರ್ ತೊಟ್ಟು ಪ್ಲಾಟ್‌ಫಾರ್ಮಿನಲ್ಲಿ ನಿಂತಳು. “ಇವತ್ತರ ಬಾಜೂಕ ಕುಂದರ್ತೀರೋ, ಇಲ್ಲೋ?”

“ಇವತ್ತ ಎಬ್ಬಿಸಿದ್ರೂ ಏಳೂದಿಲ್ಲ!”

ನೀಲಿ ಹಳದಿ ಬಣ್ಣದ ಪುಟ್ಟ ರೈಲು ಸದ್ದಿಲ್ಲದೆ, ನಿದ್ದೆಯಲ್ಲಿ ನಡೆದು ಬಂದಂತೆ ಬಂದು ನಿಂತಿತು. ಮುಂದೆ ನಡೆದದ್ದಕ್ಕೆ ಇಬ್ಬರ ತಲೆಗಳೂ ಹೊಣೆಯಲ್ಲ, ಹೊಣೆ ಕಾಲುಗಳದ್ದು. ಗಾಡಿ ಕಂಡೊಡನೆ ಭುವನಾಳ ಕಾಲು, ಆರು ವರ್ಷದ ವಾಡಿಕೆಯಂತೆ, ಮುಂದಕ್ಕೆ ನಡೆದವು. ಸಿದ್ದಲಿಂಗೇಶನ ಕಾಲು, ಎಂಟು ವರ್ಷದ ವಾಡಿಕೆಯಂತೆ, ಹಿಂದಕ್ಕೆ ಓಡಿದವು. ಅವಳು ಮುಂದಿನ ಡಬ್ಬಿಯಲ್ಲಿ, ಇವನು ಹಿಂದಿನ ಡಬ್ಬಿಯಲ್ಲಿ! ಬಾಗಿಲು ಮುಚ್ಚಿತು.

ಇವನು ಓಡಿ ಕಿಟಕಿಯ ಜೋಡಿ ಸೀಟು ಹಿಡಿದು, ಕಿಟಕಿಯ ಕಡೆಯ ಸೀಟಿನ ಮೇಲೆ ಟವೆಲ್ ಹಾಸಿ, “ಬಾ, ಕುಂದ್ರು” ಎಂದು ತಿರುಗಿ ನೋಡಿದರೆ, ಬೂದು ಕೂದಲಿನ ಒಬ್ಬ ಅಜ್ಜಿ ನಾಯಿಯನ್ನು ಹಿಡಿದುಕೊಂಡು ನಿಂತಿದ್ದಳು.

ಅವನಿಗೇನೂ ಗಾಬರಿಯಾಗಲಿಲ್ಲ. ಮುಂದೆ ಹೋಗಿದ್ದಾಳೆ, ಅಷ್ಟೇ ತಾನೆ? ಗಾಡಿ ನಿಂತಲ್ಲಿ ಇಳಿದು ಮುಂದೆ ಹೋದರಾಯಿತು. ಟವೆಲ್ಲಿನ ಸೀಟನ್ನು ಬಿಡದೆ ಕಾಯುತ್ತ ಹೊರಗೆ ನೋಡಿದ. ಹಾಲಿನ ಬಣ್ಣದ ಹೊಳೆಯೊಂದು ಗಾಡಿಯ ಜೊತೆ ಮಾತಾಡುತ್ತ ಬರುತ್ತಿತ್ತು. ಹಸಿರು ಇಳಿಜಾರಿನಲ್ಲಿ ಹಸುಗಳು ಚಿತ್ರದಲ್ಲಿ ಅಂಟಿಸಿದಂತೆ ನಿಂತಿದ್ದವು. ಕೊರಳ ಗಂಟೆ ಕೇಳದಿದ್ದರೆ ಅವು ಬದುಕಿವೆಯೆಂದು ನಂಬುವಂತಿರಲಿಲ್ಲ. ಸಿದ್ದಲಿಂಗೇಶ ತೇಲಿಹೋದ. ಕನಸಿನಲ್ಲಿ ಭುವನಾ ಪಕ್ಕಕ್ಕೆ ಕೂತಿದ್ದಳು. “ನೋಡ್ರಿಲ್ಲೆ, ನೋಡ್ರಲ್ಲೆ” ಅನ್ನುತ್ತಿದ್ದಳು. ಇವನು ಹೂಂಗುಟ್ಟುತ್ತಿದ್ದ.

ಗಾಡಿಯೊಳಗಿನ ಮೈಕು ನಡುನಡುವೆ ಎರಡು ಭಾಷೆಯಲ್ಲಿ ಏನೋ ಹೇಳಿತು. ಇವನು ಕಿವಿಗೊಡಲಿಲ್ಲ. ಬಸ್‌ಸ್ಟ್ಯಾಂಡಿನ ಮೈಕಿನ ಮಾತು ಕೇಳುತ್ತ ಕೂತವನು ಎಂದಾದರೂ ಬಸ್ಸು ಹಿಡಿದದ್ದುಂಟೆ!

ಎರಡು ಹೊಳೆಗಳು ಕೂಡುವ ಜಾಗದಲ್ಲೊಂದು ಸಣ್ಣ ಸ್ಟೇಷನ್. ಅದರ ಹೆಸರು ನಮ್ಮ ನಾಲಿಗೆಗೆ ಹೊರಳುವಂಥದಲ್ಲ, ಸಂಗಮ ಅನ್ನೋಣ. ಗಾಡಿ ನಿಂತಿತು. ಎಲ್ಲೋ ‘ಖಟಕ್’ ಎಂಬ ಸದ್ದು. ಆಮೇಲೆ ಗಾಡಿ ಹೊರಟಿತು. ಆದರೆ ಇವನು ಹೊರಡಲಿಲ್ಲ!

ಸಿದ್ದಲಿಂಗೇಶ ಕಣ್ಣುಜ್ಜಿಕೊಂಡ. ಮುಂದಿನ ಅರ್ಧ ಗಾಡಿ ನಿಧಾನವಾಗಿ, ತವರಿಗೆ ಹೊರಟ ಹೆಣ್ಣುಮಗಳ ಹಾಗೆ ಹಿಂತಿರುಗಿ ನೋಡದೆ, ಬಲಗಡೆಯ ಕಣಿವೆಗೆ ಹೊರಳಿತು. ಹೊರಳುವಾಗ ಒಂದು ಕಿಟಕಿಯಲ್ಲಿ ಕೆಂಪು ಸ್ವೆಟರ್ ಮಿಂಚಿತು. ಅಷ್ಟರಲ್ಲಿ ಇವನ ಅರ್ಧ ಗಾಡಿಯೂ ಹೊರಟು ಎಡಗಡೆಯ ಕಣಿವೆಗೆ ಹೊರಳಿತು. ಲೋಕದಲ್ಲಿ ಹೊಳೆಗಳು ಕೂಡುವ ಜಾಗದಲ್ಲಿ ಜನ ಮೀಯುತ್ತಾರೆ, ಪುಣ್ಯ ಕಟ್ಟಿಕೊಳ್ಳುತ್ತಾರೆ. ಹೊಳೆಗಳು ಕೂಡುವ ಜಾಗದಲ್ಲಿ ಹೆಂಡತಿಯನ್ನು ಅಗಲಿದ ಮಹಾಪುರುಷ ಇವನೊಬ್ಬನೇ!

“ಹೋಲ್ಡಾನ್! ಹೋಲ್ಡಾನ್!” ಎಂದು ಕಿರುಚಿ ಡಬ್ಬಿಯ ಗೋಡೆಗೆ ಎರಡು ಬಾರಿ ಬಡಿದ. ಹಾವೇರಿ ಜಿಲ್ಲೆಯಲ್ಲಿ ಈ ಬಡಿತಕ್ಕೆ ನಿಲ್ಲದ ಬಸ್ಸು ಇನ್ನೂ ತಯಾರಾಗಿಲ್ಲ. ಇಲ್ಲಿ ನಾಯಿ ಮಾತ್ರ ಎದ್ದು ನಿಂತಿತು.

“ಏನಾಯಿತು?” ಅಜ್ಜಿ ಇಂಗ್ಲಿಷಿನಲ್ಲಿ ಕೇಳಿದಳು.

“ನನ್ನ ಹೆಂಡತಿ! ಮುಂದಿನ ಅರ್ಧದಲ್ಲಿ!”

“ಓ, ಅದು ಲೌಟರ್ಬ್ರುನ್ನೆನ್‌ಗೆ ಹೋಗುತ್ತದೆ. ಇದು ಗ್ರಿಂಡೆಲ್ವಾಲ್ಡ್‌ಗೆ. ಗಾಡಿ ಇಲ್ಲಿ ದಿನವೂ ಎರಡಾಗುತ್ತದೆ, ಮೈಕಿನಲ್ಲಿ ಹೇಳಿದರಲ್ಲ. ನಿಮ್ಮ ಹೆಂಡತಿಗೆ ಮೈ ಹುಷಾರಿಲ್ಲವೆ?”

“ಹುಷಾರಾಗಿದ್ದಾಳೆ!”

“ಹಾಗಾದರೆ ಚಿಂತೆ ಯಾಕೆ? ಆ ಕಡೆ ಚಂದದ ಜಲಪಾತವಿದೆ, ಈ ಕಡೆ ಚಂದದ ಪರ್ವತವಿದೆ. ಸಂಜೆ ಒಬ್ಬರಿಗೊಬ್ಬರು ಹೇಳಿಕೊಳ್ಳಿ. ನನ್ನ ಗಂಡ ಇದ್ದಾಗ ನಾವು ಎಷ್ಟೋ ಸಲ ಹೀಗೇ ಮಾಡುತ್ತಿದ್ದೆವು. ಬೇಕೆಂದೇ!”

ಸಿದ್ದಲಿಂಗೇಶನಿಗೆ ಜಲಪಾತ ಕಾಣಲಿಲ್ಲ, ಪರ್ವತ ಕಾಣಲಿಲ್ಲ. ಕಂಡವರು ಹಲಗೇರಿಯ ಮಾವ ಗಿರಿಯಪ್ಪನವರು. ಪಡಸಾಲೆಯ ನಡುವೆ ಕುರ್ಚಿ ಹಾಕಿಕೊಂಡು ಕೂತು ಕೇಳುತ್ತಿದ್ದರು: “ಅಳಿಯಂದಿರ, ನನ್ನ ಮಗಳು ಎಲ್ಲಿ?”

“ಮಾವಾರ, ಮುಂದಿನ ಅರ್ಧ ಗಾಡಿಯೊಳಗ ಹ್ವಾದ್ಳರಿ.”

“ಮತ್ತ ನೀವು?”

“ನಾ ಹಿಂದಿನ ಅರ್ಧದೊಳಗ ಇದ್ದೆರಿ.”

“ಅಲ್ರೀ, ಒಂದ ಗಾಡಿಯೊಳಗ ಕುಂತ ಹೆಂಡ್ತೀನ ಕಳದು ಬಂದೀರೆಂದ್ರ, ನಿಮ್ಮನ್ನ ಬೀಜ ಕಾಯಾಕ ಯಾವ ಶಾಣ್ಯಾ ಇಟ್ಟಾನ್ರೀ?”

ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಹೊರಳಿ ಹೋಗುವುದೆಂದು ಬಾಗಿಲಿಗೆ ಹೋಗಿ ನಿಂತ. ಗಾಡಿ ನಿಂತಿತು. ಬಾಗಿಲು ತೆರೆಯಲಿಲ್ಲ. ಇವನು ಕಂಡಕ್ಟರ್ ಬಂದು ತೆರೆಯಲಿ ಎಂದು ಘನತೆಯಿಂದ ಕಾದ. ಗಾಡಿ ಹೊರಟುಹೋಯಿತು! “ಆ ಹಸಿರು ಗುಂಡಿ ಒತ್ತಬೇಕಿತ್ತು” ಎಂದು ಅಜ್ಜಿ ಮೆಲ್ಲಗೆ ಹೇಳಿದಳು. ಆಮೇಲೆ ಗಾಡಿ ನಡುವೆ ಎಲ್ಲೂ ನಿಲ್ಲಲಿಲ್ಲ, ಸಿದ್ದಲಿಂಗೇಶ ಗುಂಡಿಯ ಮೇಲಿಟ್ಟ ಬೆರಳನ್ನು ಗ್ರಿಂಡೆಲ್ವಾಲ್ಡ್ ಬರುವ ತನಕ ತೆಗೆಯಲಿಲ್ಲ.

ಗ್ರಿಂಡೆಲ್ವಾಲ್ಡ್‌ನಲ್ಲಿ ಇಳಿದವನೇ ಟಿಕೆಟ್ ಕೌಂಟರಿಗೆ ಓಡಿದ. “ಸ್ವಲ್ಪ ಮೈಕಿನಲ್ಲಿ ಕೂಗಿಸಿ! ಕೆಂಪು ಸ್ವೆಟರಿನ ಭುವನಾ, ಎಲ್ಲಿದ್ದರೂ ಕೌಂಟರಿನ ಬಳಿ ಬರಬೇಕು ಅಂತ!”

ಕೌಂಟರಿನ ಹುಡುಗಿ ವಿನಯದಿಂದ ಎಲ್ಲ ಕೇಳಿಕೊಂಡಳು. “ಸರ್, ಅವರು ಪಕ್ಕದ ಕಣಿವೆಯಲ್ಲಿದ್ದಾರೆ. ನಡುವೆ ಪರ್ವತವಿದೆ. ನಮ್ಮ ಮೈಕು ಅಷ್ಟು ದೊಡ್ಡದಲ್ಲ.”

ಈ ಮಾತುಕತೆ ಮುಗಿಯುವಷ್ಟರಲ್ಲಿ ಬಂದ ಗಾಡಿಯೇ ಹೊರಳಿ ಹೋಗಿತ್ತು. ಇನ್ನೊಂದು ಬರಲು ಅರ್ಧ ತಾಸು. ಭುವನಾಳ ಫೋನಿಗೆ ಸಿಮ್ ಇಲ್ಲ, ಇವನೇ ಬೇಡವೆಂದದ್ದು. ಅವಳ ಕೈಯಲ್ಲಿ ಪಾಸೂ ಇಲ್ಲ. ಇವನೇ ತನ್ನ ಫೋನಿನಲ್ಲಿಟ್ಟುಕೊಂಡದ್ದು. ಸಿದ್ದಲಿಂಗೇಶ ಪ್ಲಾಟ್‌ಫಾರ್ಮಿನ ಬೆಂಚಿಗೆ ಹೋಗಿ ಕುಸಿದ.

ಆಗ ತಲೆಯೆತ್ತಿದ. ಎದುರಿಗೆ ಪರ್ವತ. ಎದುರಿಗೆ ಅಂದರೆ ದೂರದಲ್ಲಿ ಅಲ್ಲ, ಅಂಗಳಕ್ಕೆ ಬಂದು ನಿಂತ ಬೀಗರ ಹಾಗೆ, ಇಷ್ಟು ಹತ್ತಿರ! ನೆತ್ತಿಯ ಮೇಲಿನ ಬರ್ಫಕ್ಕೆ ಬಿಸಿಲು ತಾಗಿ, ಅದರ ಮೇಲೊಂದು ಬಿಳಿ ಮೋಡ ಕೂರಲೋ ಬೇಡವೋ ಎಂದು ಯೋಚಿಸುತ್ತಿತ್ತು. ಇಡೀ ಊರೇ ಯಾರೋ ಕಾಣುತ್ತಿದ್ದ ಕನಸಿನಂತಿತ್ತು. ಜೋರಾಗಿ ಉಸಿರಾಡಿದರೆ ಅವರಿಗೆ ಎಚ್ಚರವಾದೀತು. “ಭುವನಾ, ಅಲ್ಲಿ ನೋಡು” ಅಂದ. ಅಂದಮೇಲೆ ಪಕ್ಕದಲ್ಲಿ ಟವೆಲ್ ಮಾತ್ರ ಇರುವುದು ಕಂಡಿತು. ಎಂಟು ವರ್ಷ ಬಸ್ಸಿನಲ್ಲಿ ಯಾರ್ಯಾರ ಪಕ್ಕವೋ ಕೂತಿದ್ದಾನೆ, ತೌಡಿನ ಚೀಲದ ಪಕ್ಕ, ಕೋಳಿಬುಟ್ಟಿಯ ಪಕ್ಕ. ಆರು ವರ್ಷದಿಂದ ಹತ್ತು ಮಾರು ಮುಂದೆ ಕೂತಿರುವವಳ ಪಕ್ಕ ಒಂದು ದಿನವೂ ಕೂರಲಿಲ್ಲ. ಅವಳು ಕೇಳಿದ್ದು ಪರ್ವತವನ್ನಲ್ಲ, ಇಷ್ಟಗಲ ಜಾಗವನ್ನು. ಚಳಿಗೆ ಎಂದು ತನಗೆ ತಾನೇ ಹೇಳಿಕೊಂಡು ಟವೆಲ್ಲನ್ನು ಕೊರಳಿಗೆ ಸುತ್ತಿಕೊಂಡ.

ಅರ್ಧ ತಾಸಿನ ಗಾಡಿ ಬಂತು. ಹತ್ತಿದ. ಸಂಗಮದ ಸ್ಟೇಷನ್ ಬಂತು. ಅಲ್ಲಿ ಲೌಟರ್ಬ್ರುನ್ನೆನ್‌ನಿಂದ ಬಂದ ಅರ್ಧ ಗಾಡಿ ಆಗಲೇ ನಿಂತಿತ್ತು. ಇವನ ಅರ್ಧ ಮೆಲ್ಲಗೆ ಹೋಗಿ ಅದಕ್ಕೆ ಮೂಗು ತಾಗಿಸಿತು. ‘ಖಟಕ್’! ಗಾಡಿಗಳು ಕೂಡಿದವು. ಆ ಕಡೆಯ ಕಿಟಕಿಯಲ್ಲಿ ಕೆಂಪು ಸ್ವೆಟರ್!

“ಭುವನಾ!”

ಅವಳೂ ನೋಡಿದಳು. ಇವನು ಎರಡೂ ಕೈ ಎತ್ತಿ ಬೀಸಿದ. “ನೀ ಅಲ್ಲೇ ಇರು, ನಾ ಬರ್ತೇನಿ” ಎಂದು ಅದರ ಅರ್ಥ. ಅವಳೂ ಕೈ ಬೀಸಿದಳು. ಇಬ್ಬರೂ ಪ್ಲಾಟ್‌ಫಾರ್ಮಿಗೆ ಹಾರಿದರು. ಅಷ್ಟರಲ್ಲಿ, ಅಯ್ಯೋ ವಿಧಿಯೇ, ಹಳದಿ ಟೋಪಿ ತೊಟ್ಟ ಒಂದು ಟೂರ್ ಪಾರ್ಟಿ ಬಾವುಟ ಹಿಡಿದವನ ಹಿಂದೆ ದಡದಡ ಇಳಿದು ಪ್ಲಾಟ್‌ಫಾರ್ಮ್ ತುಂಬಿಬಿಟ್ಟಿತು. ಬಾವುಟದವನು ಅವರನ್ನು ಒಬ್ಬೊಬ್ಬರನ್ನಾಗಿ ಎಣಿಸುತ್ತಿದ್ದ. ಸಿದ್ದಲಿಂಗೇಶ ಎಡಗಡೆಯಿಂದ ನುಸುಳಿ ಅವಳ ಡಬ್ಬಿ ಹತ್ತಿದ. ಭುವನಾ ಬಲಗಡೆಯಿಂದ ನುಸುಳಿ ಇವನ ಡಬ್ಬಿ ಹತ್ತಿದಳು. ಬಾಗಿಲು ಮುಚ್ಚಿತು. ಗಾಡಿ ಹೊರಟಿತು. ಈಗ ಇವನು ಮುಂದೆ, ಅವಳು ಹಿಂದೆ!

ಇಂಟರ್ಲಾಕೆನ್‌ನಲ್ಲಿ ಇಳಿದಾಗ ಸಿದ್ದಲಿಂಗೇಶ ತಪ್ಪಿತಸ್ಥ ಎತ್ತಿನಂತೆ ತಲೆ ತಗ್ಗಿಸಿ ನಿಂತ. ಅವಳು ಅಳುತ್ತ ಬರುತ್ತಾಳೆ ಎಂದುಕೊಂಡಿದ್ದ. ಬೈಯುತ್ತ ಬರುತ್ತಾಳೆ ಎಂದುಕೊಂಡಿದ್ದ. ಅವಳು ಐಸ್‌ಕ್ರೀಮ್ ತಿನ್ನುತ್ತ ಬಂದಳು.

“ಹೆದರಿಕಿ ಆಗಲಿಲ್ಲನು ನಿನಗ?”

“ಯಾಕ ಆಗಬೇಕು? ಇಳದೆ. ಹಿಂದ ನೋಡಿದೆ. ನೀವು ಇರಲಿಲ್ಲ. ಯಾರರ ರೈತ್ರು ಗಂಟು ಬಿದ್ದಿರಬೇಕು, ಬೀಜದ ಮಾತು ಹಚ್ಚಿರಬೇಕು, ಹಿಂದಿನ ಗಾಡಿಗೆ ಬರ್ತಾರ ಅಂದುಕೊಂಡೆ. ಊರಾಗ ಹಂಗಽ ಅಲ್ಲನು? ಅದಕ್ಕ ನೀರು ಬೀಳೂದು ನೋಡಾಕ ಹ್ವಾದೆ. ಬೀಳೂದಲ್ಲರೀ ಅದು! ಅಷ್ಟ ಎತ್ತರದಿಂದ ಗಾಳಿಗೆ ಹಾರೂ ಸೆರಗಿನಂಗ ಇಳೀತಿತ್ತು. ನೆಲಾ ಮುಟ್ಟೂದ ಮರ್ತಂಗಿತ್ತು. ನೋಡಿ ಬಂದ್ರೂ ನೀವು ಬಂದಿರಲಿಲ್ಲ, ನಾನ ಹೊಳ್ಳಿ ಗಾಡಿ ಹತ್ತಿದೆ.”

“ಟಿಕೆಟ್ ಯಾರೂ ಕೇಳಲಿಲ್ಲನು?”

“ಕೇಳಿದ, ಹೋಗೂ ಮುಂದ. ‘ಹಿಂದ ಅದಾರ, ಅವ್ರ ಕಡೆ ಐತಿ’ ಅಂದೆ. ಆಂವ ಹಿಂದ ನೋಡಿದ. ಹಿಂದ ಗಾಡೀನ ಇರಲಿಲ್ಲ.”

“ಮತ್ತ?”

“ಆಂವಗೂ ನಗು ಬಂತು, ನನಗೂ ನಗು ಬಂತು. ಕೈ ಮುಗದು ಮುಂದ ಹ್ವಾದ.” ಐಸ್‌ಕ್ರೀಮ್ ಮುಗಿಸಿ ಕೈ ಒರೆಸಿಕೊಂಡಳು. ಆಮೇಲೆ ದನಿ ಸಣ್ಣದಾಯಿತು. “ಅದೆಲ್ಲಾ ಇರಲಿ. ಕಿಟಕಿಯೊಳಗ ಅಷ್ಟೆಲ್ಲಾ ಕಂಡ್ತು. ‘ನೋಡ್ರಿ’ ಅನ್ನಾಕ ಬಾಜೂಕ ಯಾರೂ ಇರಲಿಲ್ಲ.”

ಬೈಗುಳವಾಗಿದ್ದರೆ ಸಿದ್ದಲಿಂಗೇಶ ತಡೆದುಕೊಳ್ಳುತ್ತಿದ್ದ. ಈ ಮಾತು ಎದೆಗೆ ನೇರ ಬಂದು ಕೂತಿತು. ಅಲ್ಲೇ, ಪ್ಲಾಟ್‌ಫಾರ್ಮಿನಲ್ಲಿ ನಿಂತು ಮಹಾಪ್ರತಿಜ್ಞೆ ಮಾಡಿದ: “ಜ್ಯೂರಿಕ್ ಗಾಡಿಯೊಳಗ ನಿನ್ನ ಬಾಜೂಕಿಂದ ಅಲುಗಾಡಿದ್ರ ಕೇಳು! ಬ್ಯಾಗ್ ಯಾರರ ಒಯ್ಯಲಿ! ಚಕ್ಕಲಿ ತಿನ್ನಲಿ!”

ಸಂಜೆಯ ಗಾಡಿ ಬಂತು. ಕಾಲು ಹಿಂದಕ್ಕೆ ಎಳೆಯಿತು, ಬಿಡಲಿಲ್ಲ. ಭುವನಾಳ ಕೈ ಹಿಡಿದು ಒಂದೇ ಬಾಗಿಲಿಂದ ಹತ್ತಿದ. ಅವಳು ಕಿಟಕಿಗೆ, ಇವನು ಪಕ್ಕಕ್ಕೆ. ಕೂತರು! ಆರು ವರ್ಷದ ಮೇಲೆ ಪ್ರಥಮ ಬಾರಿ, ಹೆಗಲಿಗೆ ಹೆಗಲು ತಾಗಿಸಿ. ಗಾಡಿ ಸರೋವರದ ದಂಡೆಗುಂಟ ಹೊರಟಿತು. ನೀರಿನ ಮೇಲೆ ಸಂಜೆ ಅರಿಸಿನ ಕಲೆಸಿದಂತೆ ಹರಡುತ್ತಿತ್ತು. ಆಚೆಯ ಗುಡ್ಡಗಳು ಒಂದೊಂದಾಗಿ ನೀಲಿಯಾಗುತ್ತಿದ್ದವು. ಭುವನಾಳ ತಲೆಯ ಕೊಬ್ಬರಿಎಣ್ಣೆಯ ಘಮ, ಗಾಡಿಯ ಸಣ್ಣ ತೂಗು, ನೀರಿನ ಹೊಳಪು. ‘ಇದಕ್ಕಿಂತ ಬೇರೆ ಸ್ವರ್ಗ ಎಲ್ಲಿದ್ದೀತು!’ ಎಂದುಕೊಂಡ ಸಿದ್ದಲಿಂಗೇಶ.

ಕಣ್ಣು ತೆರೆದಾಗ ಎದುರಿಗೆ ದೊಡ್ಡ ದೊಡ್ಡ ಅಕ್ಷರದಲ್ಲಿ ಜ್ಯೂರಿಕ್ ಎಂದು ಬರೆದಿತ್ತು. ಹೊರಗೆ ಕತ್ತಲೆ. ಇವನ ತಲೆ ಭುವನಾಳ ಹೆಗಲ ಮೇಲೆ.

“ಅಯ್ಯೋ! ಸರೋವರ ಎಲ್ಲೈತಿ?”

“ಎಂದೋ ಹ್ವಾತು. ಗುಡ್ಡಾನೂ ಹ್ವಾತು. ನೀರಿನ್ಯಾಗ ಚಂದ್ರ ಮೂಡಿದ್ದೂ ಹ್ವಾತು.”

“ಎಬ್ಬಿಸಬಾರದಾಗಿತ್ತಾ ಮಾರಾಯ್ತಿ!”

“ಯಾಕ ಎಬ್ಬಿಸಲಿ? ಎಬ್ಬಿಸಿದ್ರ ಬ್ಯಾಗ್ ಕಾಯಾಕ ಎದ್ದು ಹೋಗ್ತಿದ್ರಿ. ಮಲಗಿದ್ದಕ್ಕ ಬಾಜೂಕ ಉಳದ್ರಿ. ನನ್ನ ಆಸೆ ಭರ್ಜರಿ ತೀರಿತು. ಗೊರಕೀ ಒಂದು ಕಡಿಮಿ ಮಾಡಿದ್ರ ಚಲೋ ಆಗ್ತಿತ್ತು. ಎದುರಿಗೆ ಕುಂತಾಕಿ ಪಾಪ, ಗಾಬರಿಯಾಗಿ ‘ಇವರು ನಿಮ್ಮವರಾ?’ ಅಂತ ಕೇಳಿದ್ಳು.”

“ನೀ ಏನಂದಿ?”

ಭುವನಾ ಎದ್ದು, ಸ್ವೆಟರ್ ಸರಿಮಾಡಿಕೊಂಡು, ಬಾಗಿಲಿನ ಹಸಿರು ಗುಂಡಿ ತಾನೇ ಒತ್ತಿದಳು.

“ಹೌದ್ರೀ, ನಮ್ಮವ್ರ. ಆದ್ರ ಇವ್ರ ಸೀಟು ಹಿಂದ ಐತಿ, ತಪ್ಪಿ ಮುಂದ ಬಂದು ಕುಂತಾರ ಅಂದೆ.”